ಮಿಲ್ಲಿನಲ್ಲಿಟ್ಟ ಕಾಗದ

ಗಂಡನ ತಿಥಿಯ ಮರುದಿನ ಬೆಳಗ್ಗೆ ಐದೂವರೆಗೆ ವರ್ಷಿಣಿ ಬಾಗಿಲು ತೆಗೆದಾಗ ನಾದಿನಿ ಹೇಮಶ್ರೀ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಹನ್ನೊಂದು ದಿನ ಮನೆ ತುಂಬಿದ್ದ ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬಾಡಿಗೆಯ ಕುರ್ಚಿಗಳು ಮಾತ್ರ ಗೋಡೆಗೆ ಒರಗಿ ನಿಂತಿದ್ದವು.

"ಇವತ್ತಿಂದಾನೇ ಓಡ್ಬೇಕಾ?"

"ಹನ್ನೊಂದು ದಿನ ಹಾಳಾಯ್ತು ಅತ್ತಿಗೆ. ಫಿಸಿಕಲ್‌ಗೆ ಎರಡು ತಿಂಗಳೂ ಇಲ್ಲ."

ಹೇಮ ಪೊಲೀಸ್ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಓಟ. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಬೇಡ ಎನ್ನಬೇಕೆಂದು ವರ್ಷಿಣಿಗೆ ಅನಿಸಿತು. ಯಾಕೆಂದು ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಹೇಮ ಬೀದಿಯ ತಿರುವಿನವರೆಗೆ ನಡೆದು, ಅಲ್ಲಿಂದ ಓಡತೊಡಗಿದಳು.

ಅಡುಗೆಮನೆಯಲ್ಲಿ ಅತ್ತೆ ಬೆಟ್ಟಮ್ಮ ಕಾಫಿ ಸೋಸುತ್ತಿದ್ದರು.

"ಓದ್ಲಾ ಅವಳು?"

"ಹೋದ್ಲು ಅತ್ತೆ. ಇನ್ನೊಂದಷ್ಟು ದಿನ ಬಿಟ್ಟು ಓಡು ಅಂತ ನೀವಾದ್ರೂ ಹೇಳಿ."

"ನಾನ್ಯಾಕೆ ಏಳ್ಲಿ? ಅಣ್ಣ ಆಸೆಪಟ್ಟಿದ್ದನ್ನ ಅವಳಾದ್ರೂ ಮಾಡ್ತಾವಳೆ. ನಿನ್ ಕೈಲಿ ಅವನಿಗೆ ಆಗಿದ್ದು ಒಂದು ಸೈನು."

ಲೋಟವನ್ನು ಕಟ್ಟೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

ನಜರ್‌ಬಾದಿನ ಆ ಮನೆಯ ಮುಂಭಾಗ ಹಿಟ್ಟಿನ ಮಿಲ್ಲು, ಹಿಂಭಾಗ ವಾಸ. ಮೂವತ್ತೈದು ವರ್ಷದ ಹಿಂದೆ ಮಂಡಕಳ್ಳಿಯಿಂದ ಬಂದ ಮಾವ ಕೆಂಪಯ್ಯ ಹಾಕಿದ ಮಿಲ್ಲು. ಮಗ ಸ್ವರೂಪ್ ಪಾಲಿಟೆಕ್ನಿಕ್ಕಿನಲ್ಲಿ ಕೆಲಸಕ್ಕಿದ್ದ. ಭಾನುವಾರ ಮಾತ್ರ ಅಪ್ಪನಿಗೆ ಕೈಜೋಡಿಸುತ್ತಿದ್ದ. ಅಂಥ ಒಂದು ಭಾನುವಾರ ರಾಗಿಮೂಟೆ ಎತ್ತಿ ಮಿಲ್ಲಿನ ಬಾಯಿಗೆ ಸುರಿಯುತ್ತಿದ್ದವನು "ಅಪ್ಪ" ಎಂದ. ಅಷ್ಟೇ. ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮೂವತ್ತೊಂದು ವರ್ಷ. ಒಂದು ದಿನ ಜ್ವರ ಎಂದು ಮಲಗಿದವನಲ್ಲ.

ಕಾರಣ ಗೊತ್ತಿಲ್ಲದ ಸಾವು, ಪೊಲೀಸರಿಗೆ ತಿಳಿಸಲೇಬೇಕು, ಪೋಸ್ಟ್‌ಮಾರ್ಟಂ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಬೆಟ್ಟಮ್ಮ ಆಸ್ಪತ್ರೆಯ ನೆಲದಲ್ಲಿ ಕೂತುಬಿಟ್ಟರು. ಮಗನನ್ನು ಕೊಯ್ಯಲು ಬಿಡೋದಿಲ್ಲ ಎಂದರು. ಮನೆಯವರು ಬೇಡ ಅಂತ ಬರೆದುಕೊಟ್ಟರೆ ಬಿಟ್ಟುಬಿಡ್ತಾರೆ ಎಂದು ನೆಂಟರಲ್ಲೊಬ್ಬರು ಹೇಳಿದರು. ಯಾರ್ಯಾರಿಗೋ ಫೋನ್ ಹೋಯಿತು. ಅಷ್ಟರಲ್ಲಿ ಸಬ್ ಇನ್‌ಸ್ಪೆಕ್ಟರು ವರ್ಷಿಣಿಯ ಮುಂದೆ ಒಂದು ಕಾಗದ ಇಟ್ಟರು. ಗಂಗೋತ್ರಿಯಲ್ಲಿ ಎಂ.ಎ. ಮಾಡಿದ್ದ ಅವಳಿಗೆ ಓದದೆ ಸಹಿ ಹಾಕುವ ಅಭ್ಯಾಸವಿರಲಿಲ್ಲ. ಕಣ್ಣು ಅಕ್ಷರಗಳ ಮೇಲೆ ಹೋಗಿ ಬಂತು. ಒಂದೂ ಒಳಗೆ ಇಳಿಯಲಿಲ್ಲ. ಸಹಿ ಹಾಕಿದಳು. ಆಮೇಲೆ ಪೋಸ್ಟ್‌ಮಾರ್ಟಂ ನಡೆಯಿತು. ಎಲ್ಲರೂ ನೋಡಿದ್ದು ಆ ಸಹಿಯೊಂದನ್ನೇ.

ಯಾರೂ ನೋಡದೆ ಇದ್ದದ್ದು ಇನ್ನೊಂದಿತ್ತು. ಶವಾಗಾರದ ಹೊರಗೆ ಡಾಕ್ಟರ್ ಗಾರ್ಗಿ ಎನ್ನುವವರು ಅವಳನ್ನು ಪಕ್ಕಕ್ಕೆ ಕರೆದು ಕೇಳಿದ್ದರು, "ಇವರಿಗೆ ಒಡಹುಟ್ಟಿದವರು ಇದ್ದಾರಾ?"

"ಒಬ್ಬಳು ತಂಗಿ."

"ಹೃದಯವನ್ನ ಪರೀಕ್ಷೆಗೆ ಇಟ್ಕೊಂಡಿದೀವಿ. ಈಗಲೇ ಏನೂ ಹೇಳೋಕಾಗಲ್ಲ. ರಿಪೋರ್ಟ್ ಸ್ಟೇಷನ್‌ಗೆ ಹೋಗುತ್ತೆ. ಬಂದ ದಿನವೇ ಇಸ್ಕೊಂಡು, ತಂಗಿಯನ್ನ ಕರ್ಕೊಂಡು ಬನ್ನಿ. ಮರೀಬೇಡಿ."

ಅವಳು ಮರೆತಿರಲಿಲ್ಲ. ಸ್ವರೂಪನನ್ನು ಮಂಡಕಳ್ಳಿಯ ಹೊಲದಲ್ಲಿ ಮಣ್ಣು ಮಾಡುವಾಗ, "ಪೂರ್ತಿ ಮೈ ಮಣ್ಣಿಗೆ ಸೇರ್ಲಿ, ಒಂದು ಉಗುರೂ ಆಚೆ ಉಳೀಬಾರ್ದು" ಎಂದು ಬೆಟ್ಟಮ್ಮ ಅತ್ತಾಗ, ಆ ಜನರ ನಡುವೆ ನಿಜ ಗೊತ್ತಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು.

ದಿನಗಳು ಸಾಗಿದವು. ವರ್ಷಿಣಿ ಪಾಠ ಹೇಳುತ್ತಿದ್ದ ಕಾಲೇಜಿಗೆ ಮತ್ತೆ ಹೋಗತೊಡಗಿದಳು. ಬೆಳಗ್ಗೆ ಎದ್ದು ಪಾತ್ರೆ ತೊಳೆದು, ತರಕಾರಿ ಹೆಚ್ಚಿಟ್ಟು ಹೊರಟರೆ ಸಂಜೆ ಬಂದು ಮುದ್ದೆಗೆ ಎಸರಿಡುವಳು. ಬೆಟ್ಟಮ್ಮ ಅವಳೊಂದಿಗೆ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದರು. ಹಿಟ್ಟು ಬೀಸಿಸಲು ಬಂದ ಹೆಂಗಸರೊಂದಿಗೆ, ಒಳಗೆ ಕೇಳುವ ಹಾಗೆ ಮಾತಾಡುವರು.

"ಓದ್ದೋರಿಗೆ ಕಾಗದ ಕಂಡ್ರೆ ಕೈ ಸುಮ್ಕಿರಲ್ಲ ಕಣವ್ವ. ಸೈನ್ ಆಕೋದೇ. ಕಾಗದದಲ್ಲಿ ಯಾರವ್ರೆ ಅಂತ ನೋಡಾಕಿಲ್ಲ."

"ಸುಮ್ನಿರಿ ಬೆಟ್ಟಮ್ಮ, ಆ ಮಗೀಗೂ ವಯಸ್ಸೇನು ಮಹಾ."

"ವಯಸ್ಸಿನ ಮಾತು ನಾನೆಲ್ಲಿ ಆಡ್ದೆ? ಆ ಕೊಯ್ದಿದ್ ಕಾಗದ ಒಂದು ಬತ್ತದಂತೆ. ಅದು ನನ್ ಒಸಲು ದಾಟಿದ್ರೆ ನಾನು ಈ ಮನೇಲಿ ಒಂದು ತೊಟ್ಟು ನೀರು ಕುಡಿಯಾಕಿಲ್ಲ."

ಪ್ರತಿ ಶುಕ್ರವಾರ ಕಾಲೇಜಿನಿಂದ ಬರುವಾಗ ವರ್ಷಿಣಿ ಸ್ಟೇಷನ್ನಿಗೆ ಹೋಗುವಳು. ಅಲ್ಲಿನ ರೈಟರ್ ಪ್ರತಿ ಸಲವೂ ತಲೆ ಅಲ್ಲಾಡಿಸುವನು.

"ಬಂದ್ರೆ ನಾವೇ ಫೋನ್ ಮಾಡ್ತೀವಿ ಮೇಡಂ. ಇದೇನು ಗ್ಯಾಸ್ ಸಿಲಿಂಡರಾ, ಬುಕ್ ಮಾಡಿದ್ ತಕ್ಷಣ ಬರೋಕೆ?"

ಎರಡು ಶುಕ್ರವಾರ ಅವಳಿಗೆ ಪರೀಕ್ಷೆಯ ಕೆಲಸ ಬಿತ್ತು. ಅದರ ಮುಂದಿನ ವಾರ ಹೋದಾಗ ಅದೇ ರೈಟರ್ ರಿಜಿಸ್ಟರ್ ತಿರುಗಿಸಿ, ಕತ್ತೆತ್ತಿ ನೋಡಿದ.

"ರಿಪೋರ್ಟ್ ಕೊಟ್ಟಾಯ್ತಲ್ಲ ಮೇಡಂ. ಸಹಜ ಸಾವು ಅಂತ ಬಂತು, ಕೇಸ್ ಮುಗೀತು. ಕೆಂಪಯ್ಯನವ್ರು ತಗೊಂಡು ಹತ್ತೊಂಬತ್ತು ದಿನ ಆಯ್ತು. ಕಂಪ್ಲೇಂಟ್‌ನಲ್ಲಿ ಇರೋದು ಅವರ ನಂಬರು. ಅವ್ರಿಗೇ ಫೋನ್ ಮಾಡಿದ್ವಿ."

ಹತ್ತೊಂಬತ್ತು ದಿನ. ಅಷ್ಟು ದಿನವೂ ಹೇಮ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಓಡಿದ್ದಳು.

ವರ್ಷಿಣಿ ಮನೆಗೆ ಬಂದಾಗ ಕೆಂಪಯ್ಯ ಗೋಧಿ ಬೀಸುತ್ತಿದ್ದರು. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಿದ್ದವು.

"ಮಾವ, ಸ್ಟೇಷನ್‌ನಿಂದ ಒಂದು ಕವರ್ ತಂದ್ರಾ?"

ಸದ್ದಿನಲ್ಲಿ ಕೇಳಿಸದವರಂತೆ ಅವರು ಇನ್ನೊಂದು ಡಬ್ಬದ ಮುಚ್ಚಳ ತೆಗೆದರು. ವರ್ಷಿಣಿ ಒಳಗೆ ನಡೆದು ಸ್ವಿಚ್ಚು ಆರಿಸಿದಳು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಆ ಸ್ವಿಚ್ಚನ್ನು ಅವಳು ಮುಟ್ಟಿರಲಿಲ್ಲ. ಬೆಲ್ಟು ನಿಧಾನವಾಗಿ ತಿರುಗಿ ನಿಂತಿತು.

"ತಂದಿವ್ನಿ ಕಣಮ್ಮ," ಎಂದರು ಕೆಂಪಯ್ಯ. ಹಳೆಯ ಬೆಲ್ಟುಗಳನ್ನು ತುಂಬಿಟ್ಟ ತಗಡಿನ ಪೆಟ್ಟಿಗೆಯ ತಳದಿಂದ ಕಂದು ಕವರು ತೆಗೆದರು. ಅಂಟು ಬಿಚ್ಚಿರಲಿಲ್ಲ.

"ಯಾರ ಕೈಲೂ ಓದಿಸಲಿಲ್ವಾ?"

"ಇಂಗ್ಲಿಷು. ನಿನ್ ಕೈಲೇ ಓದ್ಸಬೇಕು. ಓದಿದ್ ಮೇಲೆ ನಿಮ್ಮತ್ತೆ ಅದ್ರಲ್ಲೇನೈತೆ ಅಂತ ಕೇಳ್ದೆ ಬುಡ್ತಾಳಾ? ಏನೈತೆ ಅಂತ ನಂಗೆ ಗೊತ್ತಲ್ಲ."

"ಏನು ಗೊತ್ತು?"

ಅವರು ಹಿತ್ತಿಲ ಕಡೆ ನೋಡಿ ದನಿ ತಗ್ಗಿಸಿದರು. "ಮಗನ ಎದೆ ಅಲ್ಲೇ ಮಡಿಕಂಡವ್ರೆ. ಅವತ್ತೇ ಪೇದೆ ಒಬ್ಬ ಏಳ್ದ. ಅವಳಿಗೆ ಗೊತ್ತಾದ್ರೆ ಬದುಕಲ್ಲ ಕಣಮ್ಮ. ಪೂರ್ತಿ ಮಗನ್ನ ಮಣ್ಣಿಗೆ ಕೊಟ್ಟಿವ್ನಿ ಅಂದ್ಕಂಡೇ ಅವಳು ಎರಡು ತುತ್ತು ತಿಂತಿರೋದು. ನಿಂಗೂ ಗೊತ್ತಾಗೋದು ಬ್ಯಾಡ ಅಂತಿದ್ದೆ."

"ನನಗೆ ಅವತ್ತೇ ಗೊತ್ತಿತ್ತು ಮಾವ."

ಇಬ್ಬರೂ ಒಂದೇ ಸೂರಿನ ಕೆಳಗೆ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟು ಆರು ವಾರ ಕಳೆದಿದ್ದರು.

ವರ್ಷಿಣಿ ಕವರು ಒಡೆದಳು. ಹೃದಯದ ಮಾಂಸ ಅತಿಯಾಗಿ ದಪ್ಪವಾಗುವ ಕಾಯಿಲೆ, ಹುಟ್ಟಿನಿಂದಲೇ ಬರುವಂಥದ್ದು ಎಂದು ಮೊದಲ ಪುಟದಲ್ಲಿತ್ತು. ಎರಡನೆಯ ಪುಟದ ಕೊನೆಯ ಸಾಲನ್ನು ಅವಳು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದಳು. "ಇದು ವಂಶದಲ್ಲಿ ಹರಿಯುವ ಕಾಯಿಲೆ. ತಂದೆ, ತಾಯಿ, ಒಡಹುಟ್ಟಿದವರು ತಡಮಾಡದೆ ಹೃದಯ ತಪಾಸಣೆ ಮಾಡಿಸಬೇಕು. ಅಲ್ಲಿಯವರೆಗೆ ಓಟ, ಭಾರದ ಕೆಲಸ ಕೂಡದು."

"ಒಡಹುಟ್ಟಿದೋರು," ಎಂದರು ಕೆಂಪಯ್ಯ. ಗೋಡೆ ಗಡಿಯಾರ ನೋಡಿದರು. "ಆರು ಗಂಟೆ. ಈಗ ಗ್ರೌಂಡಲ್ಲವಳೆ."

ಹಿಟ್ಟು ಕೊಡವಿಕೊಳ್ಳದೆ, ಮಿಲ್ಲಿಗೆ ಬಾಗಿಲು ಹಾಕದೆ ಬೀದಿಗಿಳಿದರು. ಮುಕ್ಕಾಲು ಗಂಟೆಯ ಮೇಲೆ ಆಟೋದಲ್ಲಿ ಮಗಳನ್ನು ಕರೆತಂದರು. ಹೇಮಳ ತೋಳಿನ ಮೇಲೆ ಅಪ್ಪನ ಬೆರಳ ಗುರುತು ಬಿಳಿಯಾಗಿ ಮೂಡಿತ್ತು.

"ಎಲ್ಲರ ಮುಂದೆ ಎಳ್ಕೊಂಡು ಬಂದ್ರು ಅತ್ತಿಗೆ. ಏನ್ ತಪ್ಪು ಮಾಡಿದ್ನಂತೆ ಕೇಳಿ."

ಊಟಕ್ಕೆ ಕೂತಾಗ ವರ್ಷಿಣಿ ಎಲ್ಲವನ್ನೂ ಹೇಳಿದಳು. ಹೃದಯದ ವಿಷಯ ಮುಚ್ಚಿಟ್ಟು ಉಳಿದದ್ದನ್ನು ಹೇಳಲು ಆಗುತ್ತದೆಯೇ ಎಂದು ಅವರಿಬ್ಬರೂ ಬರುವವರೆಗೂ ಯೋಚಿಸಿದ್ದಳು. ಆಗುತ್ತಿರಲಿಲ್ಲ. ಬೆಟ್ಟಮ್ಮ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

"ಎದೆ ಇಲ್ದೆ ಮಣ್ಣು ಮಾಡ್ಬುಟ್ರಾ ನನ್ ಮಗನ್ನ?"

ಕೆಂಪಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಿಂಗೂ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದರು.

"ಊಂ."

"ಎಡೆ ಇಕ್ಕಿದ್ನಲ್ಲ ನಾನು. ಅವನಿಗಿಷ್ಟ ಅಂತ ಅವರೆಕಾಳು ಬೇಯ್ಸಿ ಇಕ್ಕಿದ್ನಲ್ಲ. ಆಗ್ಲೂ ಬಾಯಿ ಬಿಡ್ಲಿಲ್ಲ ಇಬ್ರೂ."

"ಅವ್ವ, ಅದಿರ್ಲಿ," ಎಂದಳು ಹೇಮ. "ಅತ್ತಿಗೆ, ಫಿಸಿಕಲ್‌ಗೆ ಹನ್ನೊಂದು ದಿನ ಇದೆ. ಅದು ಮುಗೀಲಿ, ನೀವು ಎಲ್ಲಿ ಕರೆದ್ರೂ ಬರ್ತೀನಿ."

"ಮುಗಿಯೋವರ್ಗೂ ಕಾಯಂಗಿಲ್ಲ ಹೇಮ. ಬರೆದಿದ್ದಾರೆ."

"ಸ್ಕ್ಯಾನ್ ಮಾಡಿಸಿ ಅದರಲ್ಲಿ ಏನಾದ್ರೂ ಬಂದ್ರೆ ಮುಗೀತು ನನ್ ಕತೆ. ಯೂನಿಫಾರಂ ಬಂದಂಗೇ ಬಿಡಿ. ಅಣ್ಣ ಇದ್ದಿದ್ರೆ ನಿಮ್ ಥರ ಹೇಳ್ತಿರಲಿಲ್ಲ."

"ಸರಿಯಾಗಿ ಏಳ್ದೆ," ಎಂದರು ಬೆಟ್ಟಮ್ಮ, ವರ್ಷಿಣಿಯತ್ತ ನೋಡದೆ. "ಒಂದು ಸೈನಲ್ಲಿ ಮಗ ಓದ. ಇನ್ನೊಂದ್ರಲ್ಲಿ ಮಗಳಿಗೆ ರೋಗ ಅಂಟಿಸ್ತಾಳೆ. ಎದೆ ರೋಗದೋಳು ಅಂದ್ರೆ ಯಾವನ್ ಬತ್ತಾನೆ ಎಣ್ಣು ಕೇಳ್ಕಂಡು? ನಾಳೀಕೆ ಆ ಡಾಕ್ಟ್ರ ತಾವ ನಾನೇ ಬತ್ತೀನಿ. ನನ್ ಮಗನ ಎದೆ ನಂಗೆ ಕೊಡು ಅಂತೀನಿ."

ಅಂದು ಯಾರೂ ಉಣ್ಣಲಿಲ್ಲ. ಮುದ್ದೆಗಳನ್ನು ಬೆಳಗ್ಗೆ ಹಸುವಿಗೆ ಹಾಕಿದರು.

ಡಾಕ್ಟರ್ ಗಾರ್ಗಿಯ ಕೋಣೆಯಲ್ಲಿ ಎರಡೇ ಕುರ್ಚಿಗಳಿದ್ದವು. ಬೆಟ್ಟಮ್ಮ ಕೂರಲಿಲ್ಲ. ಕೂರು ಎಂದರೂ ಹೇಮ ಕೂರಲಿಲ್ಲ, ಬಾಗಿಲ ಬಳಿ ನಿಂತಳು.

"ನನ್ ಸೊಸೆ ಸೈನ್ ಆಕಿದ್ಲು ಅಂತ ನನ್ ಮಗನ್ನ ಕೊಯ್ದ್ರಿ," ಎಂದರು ಬೆಟ್ಟಮ್ಮ. "ಎದೆ ಮಡಿಕೊಳ್ಳೋಕೆ ಯಾರನ್ನ ಕೇಳಿದ್ರಿ?"

ಡಾಕ್ಟರು ಫೈಲು ತಿರುಗಿಸಿ ಒಂದು ಹಾಳೆ ತೋರಿಸಿದರು. "ಅಮ್ಮ, ನಿಮ್ಮ ಸೊಸೆ ಸೈನ್ ಹಾಕಿದ್ದು ಇದಕ್ಕೆ. ಇದು ಅವರ ಹೇಳಿಕೆ. ಗಂಡ ಆರೋಗ್ಯವಾಗಿದ್ರು, ಯಾರ ಮೇಲೂ ಅನುಮಾನ ಇಲ್ಲ ಅಂತ ಬರ್ಕೊಂಡಿದಾರೆ, ಅಷ್ಟೇ. ಪೋಸ್ಟ್‌ಮಾರ್ಟಂಗೆ ಮನೆಯವರ ಒಪ್ಪಿಗೆ ಕೇಳಲ್ಲ. ಪೊಲೀಸಿನವರು ಬರೆದುಕೊಟ್ರೆ ನಾನು ಮಾಡಲೇಬೇಕು. ಇವರು ಸೈನ್ ಹಾಕದೆ ಇದ್ದಿದ್ರೂ ಮಾಡ್ತಿದ್ದೆ."

ವರ್ಷಿಣಿ ಆ ಹಾಳೆಯನ್ನು ಈಗ ಓದಿದಳು. ಡಾಕ್ಟರು ಹೇಳಿದ್ದೇ ಇತ್ತು. ಆರು ವಾರ ಹೊತ್ತಿದ್ದು ತನ್ನದಲ್ಲದ ಹೊರೆ ಎಂದು ತಿಳಿದರೂ ಅವಳಿಗೆ ಹಗುರವಾಗಲಿಲ್ಲ.

"ಗಟ್ಟಿಮುಟ್ಟಾದ ಹುಡುಗ ಹಿಂಗೆ ಬಿದ್ದು ಹೋದ್ರೆ, ಯಾಕೆ ಅಂತ ಹುಡುಕದೆ ಕಳಿಸೋ ಹಾಗಿಲ್ಲ ಅಮ್ಮ, ಅದು ನನ್ನ ಕೆಲಸ. ಹುಡುಕಿದ್ದನ್ನ ಸ್ಟೇಷನ್‌ಗೆ ಬರೆದು ಕಳಿಸಿದ್ರೆ ನನ್ನ ಕೆಲಸ ಮುಗೀತು ಅಂತಾರೆ. ಆ ಕೊನೇ ಸಾಲು ನಿಮ್ಮನೆಗೆ ಬರೆದದ್ದು. ಸ್ಟೇಷನ್‌ಗೆ ಫೋನ್ ಮಾಡಿ ಕೇಳಿದೆ. ಮನೆಯವರು ತಗೊಂಡು ಹೋದ್ರು ಅಂದ್ರು. ಓದಿರ್ತೀರ ಅಂದ್ಕೊಂಡೆ. ಮನೆಗೇ ಫೋನ್ ಮಾಡ್ಬೇಕಿತ್ತು."

ಬೆಟ್ಟಮ್ಮ ಕೇಳಿದರು, "ಎಷ್ಟಿತ್ತು ತೂಕ?"

"ಏನಮ್ಮ?"

"ಅವನ ಎದೆ."

ಡಾಕ್ಟರು ಫೈಲು ನೋಡಿದರು. "ಐನೂರ ಇಪ್ಪತ್ತು ಗ್ರಾಂ. ಮುನ್ನೂರು, ಮುನ್ನೂರೈವತ್ತರ ಒಳಗೆ ಇರಬೇಕು."

ಮೂವತ್ತೈದು ವರ್ಷ ಹಿಟ್ಟು ತೂಗಿದ ಬೆಟ್ಟಮ್ಮ ಬಲಗೈಯನ್ನು ಅಂಗಾತ ಹಿಡಿದರು. ಅರ್ಧ ಕೇಜಿಯ ಪೊಟ್ಟಣ ಎಷ್ಟು ಭಾರವಿರುತ್ತದೆಂದು ಆ ಕೈಗೆ ಗೊತ್ತಿತ್ತು. ಕೈಯನ್ನು ಒಮ್ಮೆ ಮೇಲೆತ್ತಿ ಇಳಿಸಿದರು.

"ಇಷ್ಟನ್ನ ಒತ್ಕಂಡು ಮೂಟೆ ಎತ್ತಿದ್ನಾ," ಎಂದರು. ಆಮೇಲೆ ಕುರ್ಚಿಯಲ್ಲಿ ಕೂತರು.

ಡಾಕ್ಟರು ಹೇಮಳತ್ತ ತಿರುಗಿದರು. "ಓಡುವಾಗ ಎದೆ ಹಿಡಿಯುತ್ತಾ? ಕಣ್ಣು ಕತ್ತಲೆ?"

"ಇಲ್ಲ ಮೇಡಂ." ಹೇಮ ನೆಲ ನೋಡಿದಳು. "ಕೊನೇ ನೂರು ಮೀಟರ್ ಮಾತ್ರ ಉಸಿರು ಸಿಗಲ್ಲ. ಎಲ್ಲಾರ್ಗೂ ಹಂಗೇ ಅಲ್ವಾ?"

ಬೆಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಏಯ್, ಬಾಯಿಲ್ಲಿ. ಅತ್ತಿಗೆ ಜೊತೆ ಓಗು. ಏನೇನ್ ಮಾಡಿಸ್ಬೇಕೋ ಮಾಡಿಸ್ಕೊ."

"ಅವ್ವ, ಫಿಸಿಕಲ್ಲು..."

"ಓಗು ಅಂದೆ."

ಹೃದಯವನ್ನು ಹಿಂದಕ್ಕೆ ಕೊಡಬೇಕೆಂದು ವರ್ಷಿಣಿ ಅಲ್ಲೇ ಅರ್ಜಿ ಬರೆದಳು. ಸ್ಟೇಷನ್ನಿನ ಒಪ್ಪಿಗೆ ಬಂದ ಮೇಲೆ ಕೊಡಬಹುದು, ತಡವಾಗುತ್ತದೆ ಎಂದರು ಡಾಕ್ಟರು. ಅರ್ಜಿಯ ಕೆಳಗೆ ಬೆಟ್ಟಮ್ಮ ಹೆಬ್ಬೆಟ್ಟು ಒತ್ತಿದರು.

ಮೂವರಿಗೂ ಎದೆಯ ಸ್ಕ್ಯಾನ್ ಆಯಿತು. ಕೆಂಪಯ್ಯನವರದು ಸರಿಯಾಗಿತ್ತು. ಹೇಮಳದು ದಪ್ಪವಾಗಿತ್ತು, ಅಣ್ಣನಷ್ಟಲ್ಲ. ಮಾತ್ರೆ ತಪ್ಪಿಸಬಾರದು, ವರ್ಷಕ್ಕೊಮ್ಮೆ ತೋರಿಸಬೇಕು, ಓಟ ಮಾತ್ರ ಇನ್ನೆಂದೂ ಬೇಡ, ಹೀಗಿದ್ದರೆ ಮುದುಕಿಯಾಗುವವರೆಗೂ ಇರಬಹುದು ಎಂದರು ಹೃದಯದ ಡಾಕ್ಟರು. ಬೆಟ್ಟಮ್ಮನವರದೂ ಒಂದಿಷ್ಟು ದಪ್ಪವಿತ್ತು. ಮಕ್ಕಳಿಗೆ ತಾಯಿಯಿಂದ ಬಂದಿರಬಹುದು ಎಂದು ಡಾಕ್ಟರು ಸಹಜವಾಗಿ ಹೇಳಿ ಮುಂದಿನ ಚೀಟಿ ಕೈಗೆತ್ತಿಕೊಂಡರು.

ಸಂಜೆ ಬೆಟ್ಟಮ್ಮ ಉಪ್ಪೆಸರು ಮಾಡಿದರು. ಎಲ್ಲರಿಗಿಂತ ಮೊದಲು ವರ್ಷಿಣಿಗೆ ತಟ್ಟೆ ಹಾಕಿ, ಎದುರು ಕೂತರು.

"ಉಣ್ಣು. ಒಣಗೋಗಿದ್ದೀಯ."

"ನೀವೂ ಬನ್ನಿ ಅತ್ತೆ."

"ನಂಗೆ ಸೇರಲ್ಲ ಕಣವ್ವ. ನಾನೇ ಕೊಟ್ಟಿದ್ನಲ್ಲ ಅವನಿಗೆ."

"ಗೊತ್ತಿದ್ದು ಕೊಟ್ರಾ?"

"ಗೊತ್ತಿರ್ಲಿಲ್ಲ."

"ಮತ್ತೆ?"

ಬೆಟ್ಟಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಸಹಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಫಿಸಿಕಲ್ ಪರೀಕ್ಷೆಯ ದಿನ ಹೇಮ ಹೊದ್ದು ಮಲಗಿದವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಯಾರೂ ಎಬ್ಬಿಸಲಿಲ್ಲ. ಅದಾದ ಭಾನುವಾರ ವರ್ಷಿಣಿ ಸ್ವರೂಪನ ಕೆಲಸದ ಬ್ಯಾಗನ್ನು ಮೊದಲ ಬಾರಿ ತೆರೆದಳು. ಊಟದ ಡಬ್ಬಿ, ಟೆಸ್ಟರು, ಕರ್ಚೀಫು. ತಳದಲ್ಲಿ ಕಪ್ಪು ದಾರದ ಸ್ಟಾಪ್‌ವಾಚು. ಅದರ ಬೆನ್ನಿಗೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಒಂದು ಕಾಲೇಜಿನ ಹೆಸರಿತ್ತು.

"ಇದು ಸಣ್ಣಮಾದಯ್ಯ ಸಾರ್‌ದು," ಎಂದಳು ಹೇಮ. "ಪಿ.ಟಿ. ಮಾಸ್ಟ್ರು. ನನ್ ಟೈಮ್ ನೋಡೋಕೆ ಅಂತ ಅಣ್ಣ ಎರಡು ವಾರಕ್ಕೆ ಅಂತ ಇಸ್ಕೊಂಡಿದ್ದ."

"ಕೊಟ್ಟು ಬರೋಣ ನಡಿ."

"ನಾನು ಒಳಗೆ ಬರಲ್ಲ. ಗೇಟ್ ಹತ್ರ ನಿಂತಿರ್ತೀನಿ."

ಸ್ವರೂಪನ ಸ್ಕೂಟರಿನಲ್ಲಿ ಇಬ್ಬರೂ ಹೊರಟರು. ಹಿಂದೆ ಕೂತ ಹೇಮ ದಾರಿಯಲ್ಲಿ ಒಮ್ಮೆ ಮಾತ್ರ ಮಾತಾಡಿದಳು. "ಅಣ್ಣ ಕೊನೇ ಸಲ ಟೈಮ್ ನೋಡಿದ್ದು ಅವತ್ತಿನ ಹಿಂದಿನ ದಿನ. ಎರಡು ನಿಮಿಷ ಮೂರು ಸೆಕೆಂಡ್. ಆಮೇಲೆ ಯಾರೂ ನೋಡ್ಲೇ ಇಲ್ಲ. ಬರೀ ಓಡ್ದೆ."

ಸಣ್ಣಮಾದಯ್ಯ ಗ್ರೌಂಡಿನ ಅಂಚಿನಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ವಾಚನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಇದಕ್ಕೋಸ್ಕರ ನೀವ್ಯಾಕೆ ಬರೋಕೆ ಹೋದ್ರಿ ತಾಯಿ. ಕಳಿಸಿದ್ರೆ ಆಗಿತ್ತು." ಗುಂಡಿ ಒತ್ತಿದರು. "ಬ್ಯಾಟರಿ ಇನ್ನೂ ಇದೆ. ಕೊನೇದು ಹಂಗೇ ಉಳ್ಕೊಂಡಿದೆ ನೋಡಿ. ಒಂದು ಐವತ್ತೇಳು."

"ಎರಡು ನಿಮಿಷ ಮೂರು ಸೆಕೆಂಡ್ ಅಂದ್ಲಲ್ಲ ಸಾರ್."

"ಹೇಮಂಗೆ ಹಂಗೆ ಹೇಳ್ತಿದ್ದ. ನನ್ ಹತ್ರ ಬಂದು ನಿಜ ಹೇಳೋನು. ಪಾಸಾಗೋ ಟೈಮು ಬಂದಿದೆ ಅಂತ ಗೊತ್ತಾದ್ರೆ ಸಡಿಲ ಬಿಡ್ತಾಳೆ ಸಾರ್ ಅನ್ನೋನು." ಅವರು ನಗಲು ಹೋಗಿ ನಿಲ್ಲಿಸಿದರು. "ಇನ್ಮೇಲೆ ಬರಲ್ವಂತೆ?"

"ಇಲ್ಲ ಸಾರ್."

ಅವರು ತಲೆಯಾಡಿಸಿ ದಾರವನ್ನು ವಾಚಿಗೆ ಸುತ್ತಿ ಜೇಬಿಗಿಟ್ಟುಕೊಂಡರು.

ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ಹೇಮ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಏನಂದ್ರು ಸಾರ್?"

ವರ್ಷಿಣಿ ಸ್ಕೂಟರಿನ ಕೀ ಹಾಕಿದಳು, ತಿರುಗಿಸಲಿಲ್ಲ. "ಅವತ್ತು ನೀನು ಓಡಿದ್ದು ಒಂದು ನಿಮಿಷ ಐವತ್ತೇಳು ಸೆಕೆಂಡ್ ಹೇಮ. ನಿಮ್ಮಣ್ಣ ಆರು ಸೇರಿಸಿ ಹೇಳಿದ್ರು."

ಹೇಮ ತಿರುಗಿ, ಗೇಟಿನ ಸರಳುಗಳ ನಡುವಿನಿಂದ ಗ್ರೌಂಡನ್ನು ನೋಡಿದಳು. ಸುಣ್ಣದ ಗೆರೆ ಅರ್ಧ ಸುತ್ತು ಬಂದಿತ್ತು.

"ಅಂಗಾದ್ರೆ ಪಾಸಾಗ್ಬುಟ್ಟಿದ್ನಾ ನಾನು?"

"ಆಗಿದ್ದೆ."

ಅವಳು ಹಿಂದಿನ ಸೀಟಿನಲ್ಲಿ ಕೂತು ಹಣೆಯನ್ನು ಅತ್ತಿಗೆಯ ಬೆನ್ನಿಗೆ ಒತ್ತಿದಳು. ಆ ಬೆನ್ನಿನ ಮೇಲೆ ಅವಳ ಉಸಿರು ಬಿಸಿಯಾಗಿ ಬಂದು ಹೋಗುತ್ತಿತ್ತು. ಅದು ಒಂದು ಹದಕ್ಕೆ ಬರುವವರೆಗೆ ವರ್ಷಿಣಿ ಗಾಡಿ ಹೊರಡಿಸಲಿಲ್ಲ.